ದುಬೈ, ಎಡಿಸನ್, ನಮ್ಮೂರ ಹೋಟೆಲು: ಟಿಪ್ಸ್ ಎಲ್ಲಿ ಎಷ್ಟು, ಅದು ಯಾರ ಕೈ ಸೇರುತ್ತದೆ?

ಪಯಸ್ವಿನಿ_ತೀರ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ಅತ್ತೆ ಮಾವ (63 ಮತ್ತು 68 ವರ್ಷ) ಮುಂದಿನ ತಿಂಗಳು ಮೊದಲ ಸಲ ವಿದೇಶಕ್ಕೆ ಹೊರಟಿದ್ದಾರೆ. ಮಂಗಳೂರಿನಿಂದ ದುಬೈ, ಅಲ್ಲಿ ಮೂರು ರಾತ್ರಿ ಹೋಟೆಲು, ಆಮೇಲೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆ. ಇಬ್ಬರಿಗೂ ಗಾಲಿಕುರ್ಚಿ ಹೇಳಿ ಆಗಿದೆ. ವೀಸಾ, ವಿಮೆ, ಫಾರೆಕ್ಸ್ ಕಾರ್ಡು ಮುಗಿಯಿತು. ಉಳಿದದ್ದು ಟಿಪ್ಸಿನ ಲೆಕ್ಕ.

ಮಾವನ ಅಭ್ಯಾಸ ನಮ್ಮೂರಿನದ್ದು: ಸೋಂಪಿನ ತಟ್ಟೆಯಲ್ಲಿ ವಾಪಸು ಬಂದ ಚಿಲ್ಲರೆಯಲ್ಲಿ ಹತ್ತು ರೂಪಾಯಿ ಬಿಟ್ಟು ಏಳುವುದು. ಅಮೆರಿಕದಲ್ಲಿ 100 ಡಾಲರಿನ ಊಟಕ್ಕೆ ಮೇಲಿಂದ 20 ಡಾಲರ್ ಎಂದರೆ ಅವರಿಗೆ ಅದು ದಂಡದ ಹಾಗೆ ಕಾಣುತ್ತದೆ. ಯಾಕೆ ಅಷ್ಟು, ಯಾರಿಗೆ ಕೊಡಲೇಬೇಕು, ಯಾರಿಗೆ ಬೇಡ ಎಂದು ತಿಳಿದರೆ ಮನಸ್ಸಿಗೆ ಕಿರಿಕಿರಿ ಇಲ್ಲದೆ ಕೊಟ್ಟಾರು.

ಕೇಳುವುದು ಇಷ್ಟು. ದುಬೈ ಹೋಟೆಲಿನ ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಇದ್ದರೆ ಮತ್ತೆ ಕೊಡಬೇಕೆ? ಅಮೆರಿಕದಲ್ಲಿ ಕಾರ್ಡು ಕೊಟ್ಟಾಗ ಬರುವ ಚೀಟಿ ತುಂಬುವುದು ಹೇಗೆ? ಗಾಲಿಕುರ್ಚಿ ತಳ್ಳುವವರಿಗೆ ಎಷ್ಟು? ಯಾವ ನೋಟು ಎಷ್ಟು ಒಯ್ಯಬೇಕು? ಇನ್ನೊಂದು ಇಲ್ಲಿಯದ್ದೇ ಸಂಗತಿ: ಮಂಗಳೂರು, ಕೊಚ್ಚಿಯ ಕೆಲವು ರೆಸ್ಟೋರೆಂಟುಗಳಲ್ಲಿ ಶೇ. 10 ಸರ್ವಿಸ್ ಚಾರ್ಜ್ ಸೇರಿಸಿಯೇ ಬಿಲ್ಲು ಕೊಡುತ್ತಾರೆ. ಅದನ್ನು ಕೊಡಲೇಬೇಕೆಂದು ಕಾನೂನು ಉಂಟಾ?

ದೇರಾ_ಅಬ್ರಾ

ದುಬೈಯದ್ದು ನಾನು ಹೇಳುತ್ತೇನೆ. ಹೋಟೆಲಿನ ಬಿಲ್ಲು ಕೈಗೆ ಬಂದಾಗ ಮೂರು ಸಾಲು ನೋಡಿ: ಸರ್ವಿಸ್ ಚಾರ್ಜ್ ಶೇ. 10, ಮುನಿಸಿಪಾಲಿಟಿ ಶುಲ್ಕ ಶೇ. 7, ವ್ಯಾಟ್ ಶೇ. 5. ವ್ಯಾಟ್ ಬಂದದ್ದು 2018ರಿಂದ. ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲೂ ಇದೇ ಲೆಕ್ಕ. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೆಲೆಯಲ್ಲಿ ಎಲ್ಲ ಸೇರಿದೆ’ ಎಂದು ಬರೆದಿರುತ್ತದೆ. ಇದಲ್ಲದೆ ಟೂರಿಸಂ ದಿರ್ಹಂ ಎಂದು ಒಂದು ರಾತ್ರಿಗೆ ಒಂದು ಕೋಣೆಗೆ 7ರಿಂದ 20 ದಿರ್ಹಂ, ಹೋಟೆಲಿನ ದರ್ಜೆಗೆ ತಕ್ಕ ಹಾಗೆ. ಆನ್‌ಲೈನಿನಲ್ಲಿ ಬಾಡಿಗೆ ಪೂರ್ತಿ ಕಟ್ಟಿದ್ದರೂ ಇದನ್ನು ಮಾತ್ರ ಹೋಟೆಲಿನಲ್ಲಿ ಬೇರೆಯೇ ತೆಗೆದುಕೊಳ್ಳುವುದು ಸಾಮಾನ್ಯ. ಅದು ಸರಕಾರದ ಶುಲ್ಕ, ಟಿಪ್ಸ್ ಅಲ್ಲ. ಕೌಂಟರಿನಲ್ಲಿ ಹಣ ಕೇಳಿದರು ಎಂದು ಮಾವ ಗಾಬರಿಯಾಗುವುದು ಬೇಡ.

ಸರ್ವಿಸ್ ಚಾರ್ಜಿನ ಆ ಶೇ. 10 ಮೊದಲು ಸೇರುವುದು ಹೋಟೆಲಿನ ಖಾತೆಗೆ. ಬಡಿಸಿದವನಿಗೆ ಅದರಲ್ಲಿ ಪಾಲು ಎಷ್ಟು ಎಂಬುದು ಆಯಾ ಹೋಟೆಲಿನ ಪದ್ಧತಿ. ಹಾಗಾಗಿ ಬಿಲ್ಲಿನಲ್ಲಿ ಅದು ಇದ್ದರೆ ಮತ್ತೆ ಶೇಕಡಾ ಲೆಕ್ಕ ಹಾಕಬೇಕಾಗಿಲ್ಲ. ಆದರೆ ಚೆನ್ನಾಗಿ ನೋಡಿಕೊಂಡವನ ಕೈಗೆ 5ರಿಂದ 10 ದಿರ್ಹಂ ನಗದು ಕೊಟ್ಟರೆ ಅದು ಅವನಿಗೇ ಸೇರುತ್ತದೆ. ದೇರಾ, ಕರಾಮಾ ಕಡೆಯ ನಮ್ಮವರ ಕೆಫೆಟೇರಿಯಾಗಳಲ್ಲಿ ಸರ್ವಿಸ್ ಚಾರ್ಜ್ ಇರುವುದಿಲ್ಲ. ಅಲ್ಲಿ ಚಿಲ್ಲರೆ ಒಂದೆರಡು ದಿರ್ಹಂ ಬಿಟ್ಟರೆ ಸಾಕು.

ಕೋಣೆ ಸ್ವಚ್ಛ ಮಾಡುವವರಿಗೆ ದಿನಕ್ಕೆ 5 ದಿರ್ಹಂ. ಇದನ್ನು ದಿನಾ ಕೊಡಬೇಕು, ಹೊರಡುವ ದಿನಕ್ಕೆ ಇಟ್ಟುಕೊಳ್ಳಬಾರದು. ಪಾಳಿ ಬದಲಾಗುತ್ತದೆ; ಮೂರು ದಿನ ಒಬ್ಬಳು ಗುಡಿಸಿ ಒರೆಸಿದರೆ ನಾಲ್ಕನೇ ದಿನದ ಹಣ ಇನ್ನೊಬ್ಬಳ ಕೈಗೆ ಹೋಗುತ್ತದೆ. ಇಡುವುದರಲ್ಲೂ ಜನ ತಪ್ಪುತ್ತಾರೆ. ಮೇಜಿನ ಮೇಲೆ ಸುಮ್ಮನೆ ನೋಟು ಬಿಟ್ಟು ಹೋದರೆ ಅವರು ಮುಟ್ಟುವುದಿಲ್ಲ. ಅತಿಥಿಯ ಹಣ ಮುಟ್ಟಿದರೆ ಕೆಲಸಕ್ಕೇ ಕುತ್ತು, ಆದ್ದರಿಂದ ಅದು ‘ಮರೆತು ಹೋದ ವಸ್ತು’ಗಳ ಕಪಾಟಿಗೆ ಹೋಗಬಹುದು. ಹೋಟೆಲಿನದ್ದೇ ಚೀಟಿಯಲ್ಲಿ ‘ಥ್ಯಾಂಕ್ಯೂ’ ಎಂದು ಬರೆದು, ನೋಟನ್ನು ಅದರಲ್ಲಿ ಮಡಚಿ ತಲೆದಿಂಬಿನ ಮೇಲೆ ಇಡಬೇಕು. ಆಗ ಅದು ತನಗೇ ಬಿಟ್ಟದ್ದೆಂದು ಅವರಿಗೆ ಗೊತ್ತಾಗುತ್ತದೆ.

ಪೆಟ್ಟಿಗೆ ಮೇಲೆ ತಂದವನಿಗೆ 5ರಿಂದ 10 ದಿರ್ಹಂ. ಟ್ಯಾಕ್ಸಿಗೆ ಮೀಟರಿನ ಮೊತ್ತವನ್ನು ಮೇಲಿನ ಐದಕ್ಕೆ ಏರಿಸಿ ಕೊಟ್ಟರಾಯಿತು. ಊಟ ತಂದುಕೊಡುವ ಬೈಕಿನ ಹುಡುಗನಿಗೆ 3ರಿಂದ 5 ದಿರ್ಹಂ, ಬೇಸಗೆಯಾದರೆ ಇನ್ನೂ ಸ್ವಲ್ಪ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ಕೆಲಸಕ್ಕೇ ನಿಷೇಧ ಇರುವ ಊರು ಅದು, ಬಿಸಿಲು ಹಾಗಿರುತ್ತದೆ. ಸೂಪರ್ ಮಾರ್ಕೆಟಿನಲ್ಲಿ ಸಾಮಾನು ಚೀಲಕ್ಕೆ ತುಂಬುವವರು, ಪೆಟ್ರೋಲ್ ಪಂಪಿನವರು ನಮ್ಮ ಕಾಸರಗೋಡು, ಕಣ್ಣೂರಿನವರೇ ಇರಬಹುದು. ಅವರಿಗೆ ಒಂದೆರಡು ದಿರ್ಹಂ ನಾಣ್ಯ. ಪೊಲೀಸ್, ಇಮಿಗ್ರೇಶನ್, ಯಾವುದೇ ಸರಕಾರಿ ಕೌಂಟರಿನಲ್ಲಿ ಮಾತ್ರ ಕೈ ಕಿಸೆಗೆ ಹೋಗಲೇಬಾರದು.

ಎಡಿಸನ್_ಮಾಯಿಪ್ಪಾಡಿ

ಪಯಸ್ವಿನಿಯವರೇ, ಮಾವನಿಗೆ ದಂಡ ಎಂದು ಅನಿಸುವುದು ಸಹಜ. ಅಲ್ಲಿ ಟಿಪ್ಸ್ ಎಂದರೆ ಸಂಬಳದ ಒಂದು ತುಂಡನ್ನು ಗಿರಾಕಿಯ ತಲೆಗೆ ಹಾಕಿದ್ದು. ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಹಾಗೆಯೇ ನಿಂತಿದೆ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ್ದು 2.13 ಡಾಲರ್ ಮಾತ್ರ. ಇದು 1991ರಿಂದ ಒಂದು ಸೆಂಟೂ ಏರಿಲ್ಲ. ನಡುವಿನ 5.12 ಡಾಲರ್ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾಲೀಕ ತುಂಬಿಕೊಡಬೇಕು ಎಂದು ಕಾನೂನು. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಮಿನೆಸೋಟ ಮುಂತಾದ ಏಳು ರಾಜ್ಯಗಳಲ್ಲಿ ಈ ಕಡಿತ ಇಲ್ಲ, ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ನ್ಯೂಜೆರ್ಸಿಯಲ್ಲಿ ಕಡಿತ ಉಂಟು: 2025ರಲ್ಲಿ ಸಾಮಾನ್ಯ ಕನಿಷ್ಠ ಕೂಲಿ 15.49 ಡಾಲರ್, ಟಿಪ್ಸಿನವರಿಗೆ ಮಾಲೀಕ ಕೊಡಬೇಕಾದ್ದು 5.62. ಮೇಜಿಗೆ ಬಂದು ಬಡಿಸಿದವರಿಗೆ ನಾವು ಬಿಡದೆ ಎದ್ದರೆ ಅವರ ದಿನದ ಕೂಲಿಯಲ್ಲೇ ಕೊರತೆ ಬೀಳುತ್ತದೆ. ಇಷ್ಟು ಹೇಳಿದರೆ ಮಾವನಿಗೆ ಅರ್ಥವಾದೀತು.

ಈಗ ಚೀಟಿ. ಊಟ ಮುಗಿದ ಮೇಲೆ ಸಣ್ಣ ಕಪ್ಪು ಫೋಲ್ಡರಿನಲ್ಲಿ ಬಿಲ್ಲು ಬರುತ್ತದೆ. ಅದರಲ್ಲಿ ಕಾರ್ಡು ಇಟ್ಟರೆ ಒಯ್ದು, ಎರಡು ಚೀಟಿಯೊಂದಿಗೆ ವಾಪಸು ತರುತ್ತಾರೆ: ಒಂದು ಹೋಟೆಲಿಗೆ, ಒಂದು ನಿಮಗೆ. ಊಟ 62.40 ಡಾಲರ್ ಎಂದಿಟ್ಟುಕೊಳ್ಳಿ. ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ ಶೇ. 6.625, ಅಂದರೆ 4.13. ಒಟ್ಟು 66.53. ಅದರ ಕೆಳಗೆ ‘ಟಿಪ್’ ಎಂದು ಒಂದು ಖಾಲಿ ಗೆರೆ, ‘ಟೋಟಲ್’ ಎಂದು ಇನ್ನೊಂದು, ಸಹಿಗೆ ಮೂರನೆಯದು. ಲೆಕ್ಕ ಹಾಕಬೇಕಾದ್ದು ತೆರಿಗೆಗೆ ಮುಂಚಿನ ಮೊತ್ತದ ಮೇಲೆ. 62.40ರ ಹತ್ತನೇ ಒಂದು 6.24, ಅದನ್ನು ಇಮ್ಮಡಿಸಿದರೆ 12.48, ಅದೇ ಶೇ. 20. ಮೊದಲ ಗೆರೆಯಲ್ಲಿ 12.48, ಎರಡನೆಯದರಲ್ಲಿ 79.01 ಬರೆದು, ಹೋಟೆಲಿನ ಪ್ರತಿಗೆ ಸಹಿ ಹಾಕಿ ಫೋಲ್ಡರಿನಲ್ಲೇ ಬಿಟ್ಟು ಏಳಬೇಕು. ಅವಸರದಲ್ಲಿ ತಮ್ಮ ಪ್ರತಿಗೆ ಸಹಿ ಹಾಕಿ, ಹೋಟೆಲಿನದ್ದನ್ನು ಖಾಲಿ ಬಿಟ್ಟು ಬರುವವರು ಬಹಳ. ಹಾಗಾದರೆ ಬಡಿಸಿದವರಿಗೆ ಸೊನ್ನೆ. ಟಿಪ್ಸ್ ನಗದಾಗಿ ಕೊಡುವುದಾದರೆ ಮೊದಲ ಗೆರೆಯಲ್ಲಿ ‘ಕ್ಯಾಶ್’ ಎಂದು ಬರೆದು, ಟೋಟಲ್ ಗೆರೆಯಲ್ಲಿ 66.53 ಎಂದೇ ಬರೆಯಬೇಕು. ಯಾವ ಗೆರೆಯನ್ನೂ ಖಾಲಿ ಬಿಡಬಾರದು.

ಮೊಬೈಲಿಗೆ ಮೊದಲು 66.53 ಎಂದು ಸಂದೇಶ ಬರುತ್ತದೆ, ಒಂದೆರಡು ದಿನ ಬಿಟ್ಟು ಅದೇ 79.01 ಆಗುತ್ತದೆ. ಎರಡು ಸಲ ಹಣ ತೆಗೆದರೆಂದು ಬ್ಯಾಂಕಿಗೆ ಫೋನು ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಫಾರೆಕ್ಸ್ ಕಾರ್ಡಿನಲ್ಲಿ ಬಿಲ್ಲಿನಷ್ಟೇ ಬಾಕಿ ಇದ್ದರೆ ಟಿಪ್ಸ್ ಸೇರುವಾಗ ತೊಡಕಾಗುತ್ತದೆ. ಕಾಲು ಭಾಗ ಹೆಚ್ಚು ಇಟ್ಟುಕೊಂಡರೆ ಚಿಂತೆ ಇಲ್ಲ.

ಇನ್ನೊಂದು ಕಡೆ ಜನ ಗೊತ್ತಿಲ್ಲದೆ ಎರಡು ಸಲ ಟಿಪ್ಸ್ ಕೊಡುತ್ತಾರೆ. ಆರು ಅಥವಾ ಎಂಟು ಜನಕ್ಕಿಂತ ಹೆಚ್ಚು ಒಂದೇ ಮೇಜಿನಲ್ಲಿ ಕೂತರೆ ಶೇ. 18 ‘ಗ್ರಾಚ್ಯುಯಿಟಿ’ ಎಂದು ಬಿಲ್ಲಿನಲ್ಲೇ ಹಾಕುವ ಪದ್ಧತಿ ಉಂಟು. ನಮ್ಮ ಕಡೆ ಗ್ರಾಚ್ಯುಯಿಟಿ ಎಂದರೆ ನಿವೃತ್ತಿಯ ಹಣ, ಹಾಗಾಗಿ ಆ ಸಾಲಿನ ಮೇಲೆ ಕಣ್ಣು ಹೋಗುವುದಿಲ್ಲ. ಅಲ್ಲಿ ಅದೇ ಟಿಪ್ಸ್. ಅದು ಬಿಲ್ಲಿನಲ್ಲಿ ಇದ್ದರೂ ಕೆಳಗಿನ ಖಾಲಿ ಗೆರೆ ಹಾಗೆಯೇ ಅಚ್ಚಾಗಿರುತ್ತದೆ. ಅಲ್ಲಿ ಸೊನ್ನೆ ಬರೆಯಿರಿ.

ಕಾಫಿ, ಬೇಕರಿ, ಪಾರ್ಸೆಲ್ ಕೌಂಟರುಗಳಲ್ಲಿ ಟ್ಯಾಬ್ಲೆಟನ್ನು ನಿಮ್ಮ ಕಡೆ ತಿರುಗಿಸುತ್ತಾರೆ: 18, 20, 25 ಎಂದು ಮೂರು ದೊಡ್ಡ ಗುಂಡಿ. ಅದರ ಕೆಳಗೆ ಸಣ್ಣದಾಗಿ ‘ನೋ ಟಿಪ್’, ‘ಕಸ್ಟಮ್’ ಇರುತ್ತದೆ. ನಿಂತು ತೆಗೆದುಕೊಂಡು ಹೋಗುವಲ್ಲಿ ಕೊಡದಿದ್ದರೆ ಏನೂ ತಪ್ಪಿಲ್ಲ. ಹಿಂದೆ ನಿಂತವರು ನೋಡುತ್ತಾರೆ ಎಂಬ ಮುಜುಗರಕ್ಕೆ ಜನ 20 ಒತ್ತುತ್ತಾರೆ, ಅಷ್ಟೆ. ಅಮೆರಿಕದವರಿಗೂ ಇದು ಸಾಕಾಗಿದೆ. 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಶೇ. 72 ಜನ, ಐದು ವರ್ಷದ ಹಿಂದಿಗಿಂತ ಹೆಚ್ಚು ಕಡೆ ಟಿಪ್ಸ್ ನಿರೀಕ್ಷಿಸುತ್ತಾರೆ ಎಂದೇ ಹೇಳಿದ್ದಾರೆ. ಎಡಿಸನ್‌ನ ಓಕ್ ಟ್ರೀ ರೋಡಿನ ಭಾರತೀಯ ಹೋಟೆಲುಗಳಲ್ಲಿ ಬಫೆ ಇದ್ದು ತಟ್ಟೆ ಮಾತ್ರ ಅವರು ತೆಗೆಯುವುದಾದರೆ ಶೇ. 10 ಸಾಕು, ಮೇಜಿಗೆ ಬಡಿಸಿದರೆ 18ರಿಂದ 20.

ಗಾಲಿಕುರ್ಚಿ: ಅಮೆರಿಕದ ಕಾನೂನಿನಂತೆ ಆ ಸೇವೆ ಉಚಿತ, ವಿಮಾನ ಕಂಪನಿ ಕೊಡಲೇಬೇಕು. ತಳ್ಳುವವರು ಸಾಮಾನ್ಯವಾಗಿ ಗುತ್ತಿಗೆ ಕಂಪನಿಯವರು, ಕೂಲಿ ಕಡಿಮೆ. ವಿಮಾನದ ಬಾಗಿಲಿನಿಂದ ಇಮಿಗ್ರೇಶನ್, ಪೆಟ್ಟಿಗೆ ಬರುವ ಬೆಲ್ಟು ದಾಟಿ ಹೊರಗೆ ಮಗಳ ಕೈಗೆ ಒಪ್ಪಿಸುವವರೆಗೆ ಒಂದು ಗಂಟೆಗೂ ಮೀರಬಹುದು. ಒಬ್ಬರಿಗೆ 5 ಡಾಲರ್, ಪೆಟ್ಟಿಗೆ ಎಳೆದು ಗಾಡಿಗೆ ಹಾಕಿದರೆ 10. ನಡುವೆ ತಳ್ಳುವವರು ಬದಲಾಗುವುದುಂಟು. ಮೊದಲನೆಯವರಿಗೆ ಕೊಟ್ಟು ಕೈ ಖಾಲಿ ಮಾಡಿಕೊಳ್ಳದೆ ಹಂಚಿ ಕೊಡಬೇಕು.

ಅಮೆರಿಕದ ಈ ಟಿಪ್ಸ್ ಪದ್ಧತಿಯ ಹಿಂದಿನ ಕಥೆ ಸಣ್ಣದಲ್ಲ. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಪುಲ್‌ಮನ್ ಕಂಪನಿ ರೈಲಿನ ಸ್ಲೀಪರ್ ಬೋಗಿಗಳಿಗೆ ಬಿಡುಗಡೆಯಾದ ಕಪ್ಪು ಜನರನ್ನು ಪೋರ್ಟರ್‌ಗಳಾಗಿ ತೆಗೆದುಕೊಂಡಿತು. ಸಂಬಳ ಅತಿ ಕಡಿಮೆ, ಹೊಟ್ಟೆಪಾಡು ಟಿಪ್ಸಿನಲ್ಲಿ. ಅವರ ಒಕ್ಕೂಟ ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ ಕಟ್ಟಿದ್ದು 1925ರಲ್ಲಿ. ಆ ಕಾಲದಲ್ಲಿ ಅಮೆರಿಕದವರೇ ಟಿಪ್ಸನ್ನು ಪ್ರಜಾಪ್ರಭುತ್ವಕ್ಕೆ ಹೇಳಿದ್ದಲ್ಲ ಎಂದು ವಿರೋಧಿಸಿ, ವಾಷಿಂಗ್ಟನ್ ರಾಜ್ಯದಲ್ಲಿ 1909ರಲ್ಲಿ ನಿಷೇಧಿಸಿಯೂ ಇದ್ದರು. ನಿಲ್ಲಲಿಲ್ಲ, 1913ರಲ್ಲಿ ಹಿಂದಕ್ಕೆ ತೆಗೆದರು. ಈಚೆಗೆ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಹಾಸ್ಪಿಟಾಲಿಟಿ ಗ್ರೂಪ್ 2015ರಲ್ಲಿ ಟಿಪ್ಸ್ ತೆಗೆದು ಅದನ್ನು ಊಟದ ಬೆಲೆಗೇ ಸೇರಿಸಿ ನೋಡಿತು. 2020ರಲ್ಲಿ ಹಳೆಯ ದಾರಿಗೇ ಮರಳಿತು. ಪಕ್ಕದ ಹೋಟೆಲಿನವ ಬೆಲೆ ಕಡಿಮೆ ತೋರಿಸುವಾಗ ಒಬ್ಬನೇ ಬೆಲೆ ಏರಿಸಿ ನಿಲ್ಲುವುದು ಕಷ್ಟ. ಈಗ 2025ರ ಜುಲೈ 4ರ ಕಾನೂನಿನಲ್ಲಿ, 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರಿನವರೆಗಿನ ಟಿಪ್ಸನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು ಬಿಟ್ಟಿದ್ದಾರೆ. ಅಂದರೆ ಈ ಪದ್ಧತಿ ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ತಲಪಾಡಿ_ಗಡಿ

ಸರ್ವಿಸ್ ಚಾರ್ಜಿನ ಪ್ರಶ್ನೆಗೆ: ಕೊಡಲೇಬೇಕೆಂದು ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡುವುದಿಲ್ಲ ಎಂದವರಿಗೆ ಪ್ರವೇಶ ಅಥವಾ ಸೇವೆ ನಿರಾಕರಿಸಬಾರದು, ಅದನ್ನು ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ ಹಾಕಬಾರದು ಎಂದು. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿಗಳನ್ನು ತಲಾ ಒಂದು ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಅದರ ಮೇಲೆ ಮೇಲ್ಮನವಿ ಹೋಗಿದೆ.

ಬಿಲ್ಲು ಓದುವ ಕ್ರಮ ತಿಳಿದಿರಲಿ. ಊಟ 1000 ರೂಪಾಯಿ. ಸರ್ವಿಸ್ ಚಾರ್ಜ್ 100. ಅದರ ಕೆಳಗೆ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5, ಎರಡನ್ನೂ 1100ರ ಮೇಲೆ ಲೆಕ್ಕ ಹಾಕಿ 55. ಒಟ್ಟು 1155. ನೀವು ಬೇಡ ಎಂದಾಗ ಕ್ಯಾಶಿಯರ್ ಪೆನ್ನಿನಲ್ಲಿ 100 ಹೊಡೆದು 1055 ತೆಗೆದುಕೊಂಡರೆ ಅದು ತಪ್ಪು. ನಿಜವಾದ ಮೊತ್ತ 1050. ಐದು ರೂಪಾಯಿ ಸಣ್ಣದು, ಆದರೆ ಪೆನ್ನಿನಲ್ಲಿ ತಿದ್ದಿದ ಬಿಲ್ಲು ದಾಖಲೆಯೇ ಅಲ್ಲ. ಹೊಸ ಬಿಲ್ಲು ಕೇಳಿ. ಕೆಲವು ಕಡೆ ‘ಎಸ್.ಸಿ.’ ಎಂದು ಎರಡಕ್ಷರ ಮಾತ್ರ ಇರುತ್ತದೆ, ಕೆಲವು ಕಡೆ ‘ಸ್ಟಾಫ್ ಕಾಂಟ್ರಿಬ್ಯೂಶನ್’. ಎಲ್ಲ ಒಂದೇ.

ಕೇಳುವಾಗ ಬಡಿಸಿದವನ ಹತ್ತಿರ ಕೇಳಬೇಡಿ. ಬಿಲ್ಲು ಮಾಡುವುದು ಅವನಲ್ಲ, ಬೈಗುಳ ಅವನಿಗೆ. ಕೌಂಟರಿಗೆ ಹೋಗಿ ಮ್ಯಾನೇಜರ್ ಹತ್ತಿರ ‘ಸರ್ವಿಸ್ ಚಾರ್ಜ್ ಬೇಡ, ತೆಗೆದು ಬಿಲ್ಲು ಕೊಡಿ’ ಎನ್ನಿ. ಒಪ್ಪದಿದ್ದರೆ ಹಣ ಕೊಟ್ಟು ಬಿಲ್ಲಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಜಿಲ್ಲಾಧಿಕಾರಿಗೂ ದೂರು ಕೊಡಬಹುದು. ಇ-ಜಾಗೃತಿ ಜಾಲತಾಣದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಬಹುದು. ಇಂಥ ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ.

ಸರ್ವಿಸ್ ಚಾರ್ಜ್ ತೆಗೆಸಿದವರು ಆ ನೂರರಲ್ಲಿ ಐವತ್ತನ್ನಾದರೂ ಬಡಿಸಿದವನ ಕೈಗೆ ಕೊಡಿ. ಮಾಲೀಕನೊಡನೆ ನಡೆದ ತಕರಾರಿನ ನಷ್ಟ ಅವನಿಗೆ ತಟ್ಟಬಾರದು.

ಕೋಟಿಕುಳಂ_ಅಕ್ಕ

ಊರಿನದ್ದನ್ನೂ ಬಿಡಿಸಿ ಹೇಳಬೇಕು. ನಮ್ಮಲ್ಲಿ ‘ಚಾಕ್ಕೆ ಏನಾದರೂ ಕೊಡಿ’ ಎಂಬ ಒಂದೇ ಮಾತಿನಡಿ ಮೂರು ಬೇರೆ ಸಂಗತಿಗಳು ಅಡಗಿವೆ. ಮನಸ್ಸು ಬಂದು ಕೊಡುವುದು ಟಿಪ್ಸ್. ಸರಕಾರಿ ಕಚೇರಿ, ಸರಕಾರಿ ಆಸ್ಪತ್ರೆಯಲ್ಲಿ ಕೇಳುವುದು ಲಂಚ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವುದು ನೋಕ್ಕುಕೂಲಿ.

ಕಡೆಯದನ್ನು ಕೇರಳ ಸರಕಾರ 2018ರ ಮೇ 1ರಿಂದ ನಿಷೇಧಿಸಿದೆ, 2021ರಲ್ಲಿ ಹೈಕೋರ್ಟೂ ಕಟುವಾಗಿ ಮಾತಾಡಿದೆ. ಮನೆ ಬದಲಿಸುವಾಗ ಲಾರಿಯಿಂದ ಸಾಮಾನನ್ನು ನಮ್ಮ ಮನೆಯವರೇ ಇಳಿಸಿದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಚುಮಟ್ಟು ಕೆಲಸದವರಿಂದ (ಹೊರೆ ಹೊರುವ ಕೂಲಿಗಳಿಂದ) ಇಳಿಸಿದರೆ ಆ ಪ್ರದೇಶಕ್ಕೆ ನಿಗದಿಯಾದ ದರ ಕೇಳಿ, ಹೊರೆ ಇಳಿಯುವ ಮೊದಲೇ ಮಾತು ಮುಗಿಸಿ, ರಶೀದಿ ತೆಗೆದುಕೊಳ್ಳಿ. ದುಡಿದವರಿಗೆ ದರದ ಮೇಲೆ ನೂರು ಕೊಟ್ಟರೆ ಅದು ನಿಮ್ಮ ಸಂತೋಷ. ಒತ್ತಾಯಿಸಿದರೆ ಜಿಲ್ಲಾ ಲೇಬರ್ ಆಫೀಸಿಗೂ ಪೊಲೀಸರಿಗೂ ದೂರು ಕೊಡಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ, ಸ್ಟ್ರೆಚರ್ ತಳ್ಳಿದಾಗ ಹಣ ಕೇಳಿದರೆ ಕೊಡಬಾರದು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಮೇಲೆ ಕೊಟ್ಟವರದ್ದೂ ಅಪರಾಧ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. ಕೇರಳ ವಿಜಿಲೆನ್ಸಿನ ಸಂಖ್ಯೆ 1064. ಗ್ಯಾಸ್ ಸಿಲಿಂಡರ್ ತಂದವರಿಗೆ ಬಿಲ್ಲಿನಲ್ಲಿ ಇದ್ದಷ್ಟೇ ಕೊಟ್ಟರೆ ಸಾಕು, ತಂದುಕೊಡುವ ಖರ್ಚು ಬೆಲೆಯಲ್ಲೇ ಸೇರಿದೆ. ಮಾಳಿಗೆಗೆ ಹೊತ್ತು ತಂದು, ತೂಗಿ ತೋರಿಸಿ, ರೆಗ್ಯುಲೇಟರ್ ಕೂಡಿಸಿಕೊಟ್ಟವರಿಗೆ ಇಪ್ಪತ್ತೋ ಮೂವತ್ತೋ ಕೊಡುವುದು ಬೇರೆ ಮಾತು.

ಹೋಟೆಲಿನಲ್ಲಿ ಈಗ ಕಾಣುವ ತೊಂದರೆ ಯುಪಿಐಯದ್ದು. ಮೊದಲು ತಟ್ಟೆಯಲ್ಲಿ ಚಿಲ್ಲರೆ ಬರುತ್ತಿತ್ತು, ಅದರಲ್ಲಿ ಹತ್ತಿಪ್ಪತ್ತು ಉಳಿಯುತ್ತಿತ್ತು. ಈಗ 186 ರೂಪಾಯಿ ಎಂದರೆ 186ನ್ನೇ ಸ್ಕ್ಯಾನ್ ಮಾಡಿ ಏಳುತ್ತಾರೆ. 200 ಹಾಕಿದರೂ ಆ 14 ಹೋಗುವುದು ಮಾಲೀಕನ ಖಾತೆಗೆ, ಬಡಿಸಿದವನಿಗಲ್ಲ. ಕಾಸರಗೋಡಿನ ಹೋಟೆಲುಗಳಲ್ಲಿ ಈಗ ಮೇಜು ಒರೆಸುವವರು, ಪೊರೋಟ ತಟ್ಟುವವರು ಬಹಳ ಮಂದಿ ಅಸ್ಸಾಂ, ಬಂಗಾಳ, ಒಡಿಶಾದವರು. ಕೌಂಟರಿನ ಡಬ್ಬಿಯ ಹಣ ಯಾರ ಯಾರಲ್ಲಿ ಹಂಚಿ ಹೋಗುತ್ತದೆ ಎಂದು ಕೇಳುವ ಬಾಯಿ ಅವರಿಗಿಲ್ಲ. ಕಿಸೆಯಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡು ನೇರ ಕೈಗೆ ಕೊಡುವುದು ಉತ್ತಮ.

ಮದುವೆ, ಉಪನಯನಗಳಲ್ಲಿ ಮೊದಲು ಬಡಿಸುವುದು ನೆಂಟರು, ನೆರೆಕರೆಯವರು. ಆ ಸುದರಿಕೆಗೆ (ಬಡಿಸಿ ಓಡಾಡುವ ಕೆಲಸಕ್ಕೆ) ಹಣದ ಮಾತೇ ಇರಲಿಲ್ಲ. ಈಗ ಕೇಟರಿಂಗಿನ ಹುಡುಗರು, ಅವರಲ್ಲಿ ಕಾಲೇಜಿಗೆ ಹೋಗುವವರು ತುಂಬ. ಮೊತ್ತವನ್ನು ಒಟ್ಟಾಗಿ ಗುತ್ತಿಗೆದಾರನ ಕೈಗೆ ಕೊಟ್ಟರೆ ಅದು ಬಿಲ್ಲಿನ ಬಾಕಿಯಲ್ಲಿ ಬೆರೆತು ಹೋಗುತ್ತದೆ. ತಲೆ ಎಣಿಸಿ, ಪಾತ್ರೆ ತೊಳೆಯುವವರನ್ನೂ ಸೇರಿಸಿ, ಎಲೆ ತೆಗೆದ ಮೇಲೆ ಒಬ್ಬೊಬ್ಬರ ಕೈಗೆ ಕೊಡಿ. ಅಡಿಗೆಭಟ್ರಿಗೆ ವೀಳ್ಯದೆಲೆ, ಅಡಿಕೆಯೊಂದಿಗೆ ದಕ್ಷಿಣೆ ಇಟ್ಟು ಕೊಡುವುದು ಮರ್ಯಾದೆ. ಅದನ್ನು ಟಿಪ್ಸಿನ ಹಾಗೆ ಕಿಸೆಗೆ ತುರುಕಬಾರದು.

ಮಂಜೇಶ್ವರ_ಮಾಷ್

ಅಕ್ಕ ಹೇಳಿದ ‘ಚಾಕ್ಕೆ’ ಎಂಬ ಮಾತು ನಮ್ಮದೊಂದೇ ಅಲ್ಲ. ರಷ್ಯನ್ನರ ‘ಚಾಯೆವಿಯೆ’ ಎಂದರೂ ಚಾದ ಹಣ. ಜರ್ಮನರ ‘ಟ್ರಿಂಕ್‌ಗೆಲ್ಟ್’, ಫ್ರೆಂಚರ ‘ಪೂರ್‌ಬ್ವಾರ್’ ಎರಡೂ ಕುಡಿಯುವುದಕ್ಕೆಂದು ಕೊಟ್ಟದ್ದು. ಬಕ್ಷೀಸು ಪಾರಸಿಯಿಂದ, ಇನಾಮು ಅರಬಿಯಿಂದ ಬಂದವು.

ಬೇರೆ ದೇಶಕ್ಕೆ ಹೋಗುವವರಿಗೂ ಒಂದೆರಡು ಮಾತು. ಫ್ರಾನ್ಸಿನಲ್ಲಿ 1987ರಿಂದ ಬೆಲೆಯಲ್ಲೇ ಸೇವೆ ಸೇರಿಸಿ ಬರೆಯಬೇಕು. ಒಂದೆರಡು ಯೂರೋ ನಾಣ್ಯ ಬಿಟ್ಟರೆ ಅದೇ ಹೆಚ್ಚು. ಜರ್ಮನಿಯಲ್ಲಿ ಮೇಜಿನ ಮೇಲೆ ಬಿಟ್ಟು ಏಳುವುದಿಲ್ಲ, ಹಣ ಕೊಡುವಾಗಲೇ ಬಾಯಲ್ಲಿ ಹೇಳುತ್ತಾರೆ: 27 ಯೂರೋ ಆದರೆ 30 ಕೊಟ್ಟು ‘ಷ್ಟಿಮ್ಟ್ ಸೋ’ ಎಂದರೆ ಚಿಲ್ಲರೆ ಇಟ್ಟುಕೊಳ್ಳಿ ಎಂದು. ಬ್ರಿಟನ್ನಿನಲ್ಲಿ ಶೇ. 12.5 ಐಚ್ಛಿಕ ಸರ್ವಿಸ್ ಚಾರ್ಜ್ ಬಿಲ್ಲಿನಲ್ಲೇ ಬರುತ್ತದೆ, ತೆಗೆಸಬಹುದು. ಆದರೆ ಅಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ಕಾನೂನು ಬಂದಿದೆ: ಆ ಹಣವನ್ನು ಮಾಲೀಕ ಏನೂ ಹಿಡಿದುಕೊಳ್ಳದೆ, ಮುಂದಿನ ತಿಂಗಳ ಕೊನೆಯೊಳಗೆ ಪೂರ್ತಿ ನೌಕರರಿಗೆ ಹಂಚಬೇಕು. ನಮ್ಮ ದೇಶದಲ್ಲಿ ಸರ್ವಿಸ್ ಚಾರ್ಜಿನ ಜಗಳ ಗಿರಾಕಿಯ ಹಕ್ಕಿನ ಸುತ್ತಲೇ ನಡೆದಿದೆ. ಬಡಿಸಿದವನ ಹಕ್ಕನ್ನು ಹೀಗೆ ಬರೆದಿಟ್ಟ ಕಾನೂನು ನಮಗೂ ಬೇಕು. ಸುಪ್ರೀಂ ಕೋರ್ಟು 2016ರಲ್ಲಿ ಐಟಿಸಿ ಪ್ರಕರಣದಲ್ಲಿ, ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ನೌಕರರಿಗೆ ಹಂಚಿದರೆ ಅದು ಸಂಬಳವಲ್ಲ, ಹೋಟೆಲು ಅದರ ಮೇಲೆ ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಕಡಿಯಬೇಕಾಗಿಲ್ಲ ಎಂದಿತು. ಹಂಚಲೇಬೇಕು ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ.

ಜಪಾನಿನಲ್ಲಿ ಮಾತ್ರ ಕೊಡಬೇಡಿ. ಮೇಜಿನ ಮೇಲೆ ಬಿಟ್ಟರೆ ಮರೆತು ಹೋದಿರೆಂದು ಹಿಂದೆ ಓಡಿ ಬಂದು ಕೊಡುತ್ತಾರೆ. ಹಳೆಯ ಕ್ರಮದ ರ್ಯೋಕಾನ್ ವಸತಿಗಳಲ್ಲಿ ‘ಕೊಕೊರೊಜುಕೆ’ ಎಂಬ ಪದ್ಧತಿ ಉಂಟು: ಹೊಸ ನೋಟನ್ನು ಸಣ್ಣ ಲಕೋಟೆಯಲ್ಲಿಟ್ಟು, ಕೋಣೆ ತೋರಿಸುವ ಹೆಂಗಸಿಗೆ ಮೊದಲೇ ಕೊಡುವುದು. ಅದೂ ಕಡ್ಡಾಯವಲ್ಲ. ಸಿಂಗಾಪುರದಲ್ಲಿ ಮೆನುವಿನ ಬೆಲೆಯ ಪಕ್ಕ ಎರಡು ಅಧಿಕ ಚಿಹ್ನೆ ಕಂಡರೆ ಶೇ. 10 ಸರ್ವಿಸ್, ಅದರ ಮೇಲೆ ಶೇ. 9 ಜಿಎಸ್‌ಟಿ: 100 ಡಾಲರ್ 119.90 ಆಗುತ್ತದೆ, ಮತ್ತೆ ಕೊಡುವುದು ಬೇಡ. ಆಸ್ಟ್ರೇಲಿಯದಲ್ಲಿ 2025ರ ಜುಲೈಯಿಂದ ಕನಿಷ್ಠ ಕೂಲಿಯೇ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ಹಾಗಾಗಿ ಅಲ್ಲಿ ಯಾರೂ ಟಿಪ್ಸ್ ಕಾದು ಕೂರುವುದಿಲ್ಲ.

ಪಯಸ್ವಿನಿ_ತೀರ (ಬದಿಯಡ್ಕ)

ಎಲ್ಲರಿಗೂ ತುಂಬ ಧನ್ಯವಾದ. 2.13 ಡಾಲರಿನ ಲೆಕ್ಕವನ್ನು ಮಾವನಿಗೆ ಓದಿ ಹೇಳಿದೆ, ಒಪ್ಪಿದರು. ಒಯ್ಯುವ ನಗದು ಹೀಗೆ ಬರೆದುಕೊಂಡಿದ್ದೇನೆ: ದಿರ್ಹಂ 5ರ ನೋಟು 10, 10ರದ್ದು 5. ಡಾಲರ್ 1ರ ನೋಟು 20, 5ರದ್ದು 8. ಸರಿಯಾ? ಮಂಗಳೂರು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯವರಿಗೆ ಕೊಡಬೇಕಾ?

ಎಡಿಸನ್_ಮಾಯಿಪ್ಪಾಡಿ

ಮಂಗಳೂರಿನಲ್ಲಿ ಕೊಡಬೇಕಾಗಿಲ್ಲ, ಕೇಳಿದರೂ ಬೇಡ ಎನ್ನಬಹುದು. ದಿರ್ಹಂ ಸಾಕು. ಡಾಲರಿನಲ್ಲಿ ಒಂದು ತಿದ್ದುಪಡಿ. ಇಬ್ಬರಿಗೆ ಎರಡು ಕುರ್ಚಿ, ಅಂದರೆ ತಳ್ಳುವವರೂ ಇಬ್ಬರು. ಇಳಿಯುವಾಗ ತಲಾ 10 ಎಂದರೆ 20, ವಾಪಸು ಹೊರಡುವಾಗ ಮತ್ತೆ 20. ನಿಮ್ಮ 8 ನೋಟು ಅಲ್ಲಿಗೇ ಮುಗಿಯಿತು. 5ರ ನೋಟು 12 ಮಾಡಿ. ವಿನಿಮಯದ ಅಂಗಡಿಯವರು ಕೇಳದಿದ್ದರೆ 100ರ ನೋಟನ್ನೇ ಕೊಡುತ್ತಾರೆ. ಎರಡು ದಿನ ಮೊದಲೇ ಫೋನು ಮಾಡಿ 1ರ ಮತ್ತು 5ರ ನೋಟು ಬೇಕೆಂದು ಹೇಳಿಡಿ. ಅದನ್ನು ಇಬ್ಬರ ಕಿಸೆಯಲ್ಲೂ ಹಂಚಿ ಇಡಿ. ಇಮಿಗ್ರೇಶನ್ ಸಾಲಿನಲ್ಲಿ ಎರಡು ಕುರ್ಚಿಗಳು ಬೇರೆ ಬೇರೆಯಾದರೆ ಅತ್ತೆಯ ಕೈಯಲ್ಲೂ ನೋಟು ಇರಬೇಕು.

ದೇರಾ_ಅಬ್ರಾ

ಒಂದು ಮಾತು ಬಿಟ್ಟುಹೋಗಿತ್ತು. ದುಬೈಯಿಂದ ಹೊರಡುವಾಗ ಉಳಿದ ದಿರ್ಹಂ ನಾಣ್ಯಗಳನ್ನು ಅಲ್ಲೇ ಮುಗಿಸಿ. ನೋಟಾದರೆ ಊರಿನಲ್ಲಿ ಬದಲಿಸಬಹುದು, ನಾಣ್ಯವನ್ನು ವಿನಿಮಯದ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಕೊನೆಯ ಬೆಳಗ್ಗೆ ಕೋಣೆಯ ಚೀಟಿಯಲ್ಲಿ ಮಡಚಿಟ್ಟರೆ ಸಾಕು.